ಹನ್ನೆರಡು ಹುಣ್ಣಿಮೆ, ನಾಲ್ಕು ಕುದುರೆ: ಪೀಟರ್ ಗೇಬ್ರಿಯಲ್‌ನ ‘ಐ/ಓ’ ಕೇಳುತ್ತಾ

2023ರ ಜನವರಿ 6ರ ಹುಣ್ಣಿಮೆಯಂದು ಪೀಟರ್ ಗೇಬ್ರಿಯಲ್ ಒಂದು ಹಾಡು ಬಿಡುಗಡೆ ಮಾಡಿದ. ಮುಂದಿನ ಹುಣ್ಣಿಮೆಗೆ ಇನ್ನೊಂದು ಬಂತು. ಹೀಗೆ ನವೆಂಬರ್ ಕೊನೆಯವರೆಗೆ ಹನ್ನೆರಡು ಹುಣ್ಣಿಮೆಗೆ ಹನ್ನೆರಡು ಹಾಡು. ಪ್ರತಿ ಹಾಡಿಗೂ ಎರಡು ಮಿಕ್ಸ್: ಒಂದು ‘ಬೆಳಕಿನ ಬದಿ’, ಇನ್ನೊಂದು ‘ಕತ್ತಲ ಬದಿ’. ಹುಣ್ಣಿಮೆಗೆ ಒಂದು ಬಂದರೆ ಅಮಾವಾಸ್ಯೆಗೆ ಇನ್ನೊಂದು. ಡಿಸೆಂಬರ್ 1ರಂದು ಎಲ್ಲವೂ ಸೇರಿ ‘ಐ/ಓ’ ಎಂಬ ಆಲ್ಬಮ್ ಆಯಿತು. 2002ರ ‘ಅಪ್’ ಆದಮೇಲೆ ಅವನ ಹೊಸ ಸ್ವಂತ ಹಾಡುಗಳ ಮೊದಲ ಆಲ್ಬಮ್ ಇದು. ನಡುವೆ ಇಪ್ಪತ್ತೊಂದು ವರ್ಷ ಕಳೆದಿದ್ದವು. ‘ಅಪ್’ ಬಂದಾಗ ಕಾಲೇಜಿನಲ್ಲಿದ್ದವರ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ.

ಇಷ್ಟು ದೀರ್ಘ ಕಾಯುವಿಕೆಯ ನಂತರ ಬಂದ ಕೃತಿಯನ್ನು ಕೃತಿಯಾಗಿ ಕೇಳುವುದು ಕಷ್ಟ. ಅಭಿಮಾನಿಗಳ ಮಾತುಕತೆಯಲ್ಲಿ ಇದು ಎದ್ದು ಕಾಣುತ್ತದೆ. ಒಂದು ಗುಂಪು ಹೊಸ ಹಾಡುಗಳನ್ನು ಹಳೆಯವುಗಳ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಇನ್ನೊಂದು ಗುಂಪಿಗೆ, ಎಪ್ಪತ್ಮೂರರ ವಯಸ್ಸಿನಲ್ಲಿ ಇಷ್ಟು ಕೊಟ್ಟಿದ್ದೇ ದೊಡ್ಡದು. ಮೂರನೆಯ ಗುಂಪು ಬೆಳಕಿನ ಮಿಕ್ಸ್ ಮೇಲೋ ಕತ್ತಲಿನದು ಮೇಲೋ ಎಂದು ಹಗಲಿರುಳು ವಾದಿಸುತ್ತದೆ. ಮೂರು ಮಾತಿನಲ್ಲೂ ಸತ್ಯವಿದೆ. ಆದರೆ ಈ ಹಾಡುಗಳು ಏನು ಹೇಳುತ್ತಿವೆ, ಎಲ್ಲಿ ಗಟ್ಟಿಯಾಗಿ ಹೇಳುತ್ತಿವೆ, ಎಲ್ಲಿ ದನಿ ಸೋಲುತ್ತದೆ ಎಂಬ ಪ್ರಶ್ನೆ ಮೂರರಲ್ಲೂ ಹಿಂದೆ ಸರಿದುಬಿಡುತ್ತದೆ.

ಗೇಬ್ರಿಯಲ್‌ನ ಪರಿಚಯವಿಲ್ಲದವರಿಗೆ ಎರಡು ಮಾತು. 1950ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈತ ‘ಜೆನೆಸಿಸ್’ ತಂಡದ ಮೊದಲ ಗಾಯಕ. ತಂಡ ಮೇಲೇರುತ್ತಿದ್ದಾಗಲೇ, 1975ರಲ್ಲಿ, ಅದನ್ನು ಬಿಟ್ಟ. 1977ರಿಂದ 1982ರ ನಡುವೆ ನಾಲ್ಕು ಆಲ್ಬಮ್ ಮಾಡಿದ. ಪತ್ರಿಕೆಯ ಸಂಚಿಕೆಗಳ ಹಾಗೆ ನಾಲ್ಕಕ್ಕೂ ತನ್ನ ಹೆಸರನ್ನೇ ಇಟ್ಟ. ಅವುಗಳಲ್ಲಿ ಮೂರನೆಯದು, 1980ರದ್ದು, ರಾಕ್ ಸಂಗೀತದ ಕಿವಿಯನ್ನೇ ಬದಲಿಸಿತು. ಡ್ರಮ್ ಬಾರಿಸುವವರು ತಾಳದ ತಟ್ಟೆಗಳನ್ನು ಮುಟ್ಟಬಾರದು ಎಂದು ಅವನು ಕಟ್ಟಪ್ಪಣೆ ಮಾಡಿದ್ದ. ಅಭ್ಯಾಸವಾದ ಸದ್ದೊಂದನ್ನು ಕಿತ್ತುಕೊಂಡಾಗ ಉಳಿದ ಜಾಗದಲ್ಲಿ ಏನು ಹುಟ್ಟುತ್ತದೆ ಎಂಬ ಕುತೂಹಲ ಅದು. 1986ರ ‘ಸೋ’ ಅವನನ್ನು ಮನೆಮಾತಾಗಿಸಿತು. 1989ರ ‘ಪ್ಯಾಶನ್’ ಮಾರ್ಟಿನ್ ಸ್ಕಾರ್ಸೆಸಿಯ ಚಿತ್ರಕ್ಕೆ ಮಾಡಿದ ಸಂಗೀತ. ನುಸ್ರತ್ ಫತೇ ಅಲಿ ಖಾನರ ದನಿಯೂ ಎಲ್. ಶಂಕರರ ಪಿಟೀಲೂ ಅದರಲ್ಲಿವೆ. ನುಸ್ರತ್‌ರನ್ನು ಪಶ್ಚಿಮದ ಕೇಳುಗರಿಗೆ ಹತ್ತಿರ ಮಾಡಿದ್ದರಲ್ಲಿ ಅವನು ಕಟ್ಟಿದ ‘ರಿಯಲ್ ವರ್ಲ್ಡ್’ ಸಂಸ್ಥೆಯ ಪಾಲು ದೊಡ್ಡದು.

ಮೊದಲು ಎರಡು ಮಿಕ್ಸ್‌ಗಳ ಜಗಳ ನೋಡೋಣ. ಬೆಳಕಿನ ಬದಿ ಮಾರ್ಕ್ ‘ಸ್ಪೈಕ್’ ಸ್ಟೆಂಟ್ ಮಾಡಿದ್ದು. ಕತ್ತಲ ಬದಿ ಚಾಡ್ ಬ್ಲೇಕ್‌ನದು. ಹಾಡಿಕೆ ಅದೇ, ವಾದ್ಯಗಳೂ ಅವೇ. ಯಾವುದನ್ನು ಮುಂದೆ ತಂದು ಯಾವುದನ್ನು ಹಿಂದೆ ಸರಿಸಬೇಕು ಎನ್ನುವುದಷ್ಟೇ ಬೇರೆ. ಸ್ಟೆಂಟ್‌ನಲ್ಲಿ ಪದರಗಳು ಬಿಡಿಬಿಡಿಯಾಗಿ ಹೊಳೆಯುತ್ತವೆ. ಬ್ಲೇಕ್‌ನಲ್ಲಿ ಡ್ರಮ್ಮಿಗೂ ಬೇಸ್‌ಗೂ ಮೈ ಬರುತ್ತದೆ, ಸದ್ದಿನ ಅಂಚು ಒರಟಾಗುತ್ತದೆ. ಗ್ರಂಥ ಸಂಪಾದನೆ ಓದಿದ ವಿದ್ಯಾರ್ಥಿಗಳಿಗೆ ಇದು ಪಾಠಾಂತರದ ಪ್ರಶ್ನೆಯಂತೆ ಕಾಣಬಹುದು. ಒಂದು ವ್ಯತ್ಯಾಸವಿದೆ. ಓಲೆಗರಿಯಲ್ಲಿ ಪಾಠಾಂತರ ಹುಟ್ಟುವುದು ಲಿಪಿಕಾರನ ಕೈಯಿಂದ, ಕಾಲದ ಹೊಡೆತದಿಂದ. ಇಲ್ಲಿ ಕವಿಯೇ ಎರಡು ಪಾಠ ಕೊಟ್ಟು, ಎರಡೂ ಮೂಲ ಎನ್ನುತ್ತಿದ್ದಾನೆ.

ಅವನಿಗೆ ಇದು ಹೊಸ ಚಾಳಿಯಲ್ಲ. ಮೂರನೆಯ ಮತ್ತು ನಾಲ್ಕನೆಯ ಆಲ್ಬಮ್‌ಗಳನ್ನು ಜರ್ಮನ್ ಭಾಷೆಯಲ್ಲಿ ಮತ್ತೆ ಹಾಡಿದ. 2011ರ ‘ನ್ಯೂ ಬ್ಲಡ್’ನಲ್ಲಿ ತನ್ನದೇ ಹಳೆಯ ಹಾಡುಗಳನ್ನು ಗಿಟಾರು, ಡ್ರಮ್ಮು ಎರಡೂ ಇಲ್ಲದೆ ಆರ್ಕೆಸ್ಟ್ರಾದೊಂದಿಗೆ ಹಾಡಿದ. ‘ಸೋ’ದ ‘ಇನ್ ಯುವರ್ ಐಸ್’ ಕೊನೆಯ ಹಾಡಾಗಿರಬೇಕೆಂಬುದು ಅವನ ಆಸೆ. ಆದರೆ ಎಲ್‌ಪಿ ತಟ್ಟೆಯ ಒಳಸುತ್ತಿನ ಗೀರುಗಳಲ್ಲಿ ಅದರ ಬೇಸ್ ಸರಿಯಾಗಿ ಕೂರುವುದಿಲ್ಲವೆಂದು ಅದನ್ನು ಎರಡನೆಯ ಬದಿಯ ಮೊದಲಿಗೆ ತರಬೇಕಾಯಿತು. ವರ್ಷಗಳ ನಂತರದ ಮರುಮುದ್ರಣದಲ್ಲಿ ಅದು ಕೊನೆಗೆ ಹೋಯಿತು. ಮುಗಿಸಿದ್ದನ್ನು ಮತ್ತೆ ಬಿಚ್ಚುವ ಮನಸ್ಸು ಇವನದು.

ಆದರೂ ಆ ಬಿಚ್ಚುವಿಕೆಗೂ ಈ ಎರಡು ಮಿಕ್ಸ್‌ಗೂ ಅಂತರವಿದೆ. ಜರ್ಮನ್ ಹಾಡಿಕೆಯಲ್ಲಿ ಅವನು ಒಂದು ತೀರ್ಮಾನಕ್ಕೆ ಬಂದಿದ್ದ: ಈ ಭಾಷೆಗೆ ಬಂದಾಗ ಹಾಡು ಹೀಗೆ. ‘ಐ/ಓ’ದಲ್ಲಿ ತೀರ್ಮಾನವನ್ನು ನಮ್ಮ ಕೈಗೆ ಕೊಟ್ಟು ಹಿಂದೆ ಸರಿದಿದ್ದಾನೆ. ಕೆಲವು ಹಾಡುಗಳಲ್ಲಿ ಈ ಕೊಡುಗೆ ನಿಜವಾಗಿಯೂ ಅರ್ಥವನ್ನು ಹಿಗ್ಗಿಸುತ್ತದೆ. ‘ಫೋರ್ ಕೈಂಡ್ಸ್ ಆಫ್ ಹಾರ್ಸಸ್’ ಬೆಳಕಿನ ಬದಿಯಲ್ಲಿ ಒಂದು ಎಚ್ಚರಿಕೆ; ಕತ್ತಲ ಬದಿಯಲ್ಲಿ ಅದೇ ಹಾಡು ಬೆದರಿಕೆ. ಉಳಿದ ಹಲವು ಕಡೆ ವ್ಯತ್ಯಾಸ ಹಿಡಿಯಲು ಒಳ್ಳೆಯ ಹೆಡ್‌ಫೋನ್ ಬೇಕು, ಬಿಡುವೂ ಬೇಕು. ಅಂಥಲ್ಲಿ ಎರಡು ಪಾಠಗಳು ಔದಾರ್ಯಕ್ಕಿಂತ ಹೆಚ್ಚಾಗಿ ಕೈಬಿಡಲಾರದ ಸಂಕಟವನ್ನೇ ತೋರಿಸುತ್ತವೆ. ಇಪ್ಪತ್ತೊಂದು ವರ್ಷ ಹಿಡಿದಿದ್ದಕ್ಕೂ ಇದೇ ಒಂದು ಕಾರಣವೇನೋ.

ಆಲ್ಬಮ್ಮಿನ ಕೀಲಿಯೂ ನನಗೆ ಸಿಕ್ಕಿದ್ದು ಈ ಕುದುರೆಗಳ ಹಾಡಿನಲ್ಲೇ. ಮೇ 5ರಂದು ಅದು ಬಿಡುಗಡೆಯಾಯಿತು. ನಮ್ಮ ಪಂಚಾಂಗದಲ್ಲಿ ಅಂದು ಬುದ್ಧ ಪೂರ್ಣಿಮೆ. ಗೇಬ್ರಿಯಲ್ ಅದನ್ನು ಲೆಕ್ಕ ಹಾಕಿದ್ದನೋ ಇಲ್ಲವೋ, ಶೀರ್ಷಿಕೆ ಮಾತ್ರ ಬುದ್ಧನ ದೃಷ್ಟಾಂತದ್ದೇ. ಅಂಗುತ್ತರ ನಿಕಾಯದಲ್ಲಿ ಬರುವ ಪ್ರಕಾರ ಕುದುರೆಗಳಲ್ಲಿ ನಾಲ್ಕು ಬಗೆ. ಒಂದು ಚಾಟಿಯ ನೆರಳು ಕಂಡರೆ ಸಾಕು, ಎಚ್ಚೆತ್ತು ಹೊರಡುತ್ತದೆ. ಎರಡನೆಯದಕ್ಕೆ ಕೂದಲಿಗೆ ತಾಗಬೇಕು. ಮೂರನೆಯದಕ್ಕೆ ಚರ್ಮಕ್ಕೆ ನಾಟಬೇಕು. ನಾಲ್ಕನೆಯದಕ್ಕೆ ಮೂಳೆಗೇ ಮುಟ್ಟಬೇಕು. ಮನುಷ್ಯರೂ ಹಾಗೆಯೇ. ಎಲ್ಲೋ ಒಂದೂರಿನಲ್ಲಿ ಯಾರೋ ಸತ್ತರೆಂದು ಕೇಳಿದೊಡನೆ ಕಲಕಿಹೋಗುವವನು ಒಬ್ಬ; ಕಣ್ಣಾರೆ ಕಂಡಾಗ ಕಲಕುವವನು ಇನ್ನೊಬ್ಬ; ತನ್ನ ನೆಂಟರಿಷ್ಟರು ಸತ್ತಾಗ ಮೂರನೆಯವನು; ತನ್ನ ಮೈಗೇ ನೋವು ಬಂದಾಗ ನಾಲ್ಕನೆಯವನು. ಧರ್ಮವೂ ಹಿಂಸೆಯೂ ಒಂದನ್ನೊಂದು ಮುಟ್ಟುವ ಜಾಗದ ಬಗ್ಗೆ ಗೇಬ್ರಿಯಲ್ ಹಾಡುತ್ತಾನೆ. ದೃಷ್ಟಾಂತ ಅವನಿಗೆ ಆರಂಭದ ಎಳೆ ಮಾತ್ರ. ಆದರೆ ಅದನ್ನು ಪೂರ್ತಿ ನೆನೆದುಕೊಂಡು ಅವನ ಬದುಕಿನ ಹಾಡುಗಳನ್ನೆಲ್ಲ ಕೇಳಿದರೆ ಒಂದು ಚಿತ್ರ ಮೂಡುತ್ತದೆ.

1977ರ ಸೆಪ್ಟೆಂಬರ್ 12ರಂದು ದಕ್ಷಿಣ ಆಫ್ರಿಕಾದ ಸ್ಟೀವ್ ಬಿಕೋ ಪೊಲೀಸರ ಸೆರೆಯಲ್ಲಿ ಸತ್ತ. ವಯಸ್ಸು ಮೂವತ್ತು. ಗೇಬ್ರಿಯಲ್ ಅವನನ್ನು ಕಂಡವನಲ್ಲ, ಸುದ್ದಿ ಕೇಳಿದವನು. 1980ರ ‘ಬಿಕೋ’ ಹಾಡು ಹುಟ್ಟಿದ್ದು ಹಾಗೆ. ಅದರ ಶಕ್ತಿ ಇರುವುದು ಮರುಕದಲ್ಲಲ್ಲ, ನಿರ್ದಿಷ್ಟತೆಯಲ್ಲಿ. ಊರು, ತಿಂಗಳು, ಕೋಣೆ, ಸತ್ತವನ ಹೆಸರು. ಎರಡೇ ಪೆಟ್ಟಿನ ಡ್ರಮ್. ಆರಂಭಕ್ಕೂ ಅಂತ್ಯಕ್ಕೂ ಶವಸಂಸ್ಕಾರದಲ್ಲಿ ಹಾಡುವ ಆಫ್ರಿಕನ್ ದನಿಗಳು. ಪೊಲೀಸ್ ವರದಿಯಂಥ ಒಣ ವಿವರವೇ ಇಲ್ಲಿ ಶೋಕವನ್ನು ಹೊತ್ತಿದೆ. ಚಾಟಿಯ ನೆರಳಿಗೇ ಎಚ್ಚೆತ್ತ ಕುದುರೆಯೆಂದರೆ ಇದೇ.

‘ಐ/ಓ’ದಲ್ಲೂ ಲೋಕದ ಹಾಡುಗಳಿವೆ. ‘ಪ್ಯಾನಾಪ್ಟಿಕಾಮ್’ ಆಳುವವರ ಕಣ್ಣನ್ನು ಆಳುವವರ ಮೇಲೆಯೇ ತಿರುಗಿಸುವ ಕನಸು. ಬೆಂಥಮ್‌ನ ಕಣ್ಗಾವಲಿನ ಜೈಲನ್ನು ಫೂಕೋ ಮೂಲಕ ಓದಿದವರಿಗೆ ಶ್ಲೇಷೆ ಕೂಡಲೇ ಹೊಳೆಯುತ್ತದೆ. ಬರೀ ಮಾತಲ್ಲ ಅದು. ಮಾನವ ಹಕ್ಕಿನ ಹೋರಾಟಗಾರರ ಕೈಗೆ ಕ್ಯಾಮೆರಾ ಕೊಡುವ ‘ವಿಟ್ನೆಸ್’ ಸಂಸ್ಥೆಯನ್ನು 1992ರಲ್ಲಿ ಕಟ್ಟಿದವರಲ್ಲಿ ಅವನೂ ಒಬ್ಬ. ‘ದಿ ಕೋರ್ಟ್’ ನ್ಯಾಯದ ಬಗ್ಗೆ, ‘ಲಿವ್ ಅಂಡ್ ಲೆಟ್ ಲಿವ್’ ಕ್ಷಮೆಯ ಬಗ್ಗೆ. ಉದ್ದೇಶದಲ್ಲಿ ಕೊರತೆಯಿಲ್ಲ. ಆದರೆ ಈ ಹಾಡುಗಳಲ್ಲಿ ಯಾರ ಹೆಸರೂ ಇಲ್ಲ, ಯಾವ ಊರೂ ಇಲ್ಲ. ನ್ಯಾಯ, ಕ್ಷಮೆ, ಸಾಕ್ಷಿ ಎಂಬ ದೊಡ್ಡ ನಾಮಪದಗಳು ತಾವೇ ನಡೆದಾಡಬೇಕಾಗಿದೆ. ಟೋನಿ ಲೆವಿನ್‌ನ ಬೇಸ್ ಮತ್ತು ಮನು ಕಾಚೆಯ ಡ್ರಮ್ ಅವಕ್ಕೆ ಕಾಲು ಕೊಟ್ಟಿವೆ ನಿಜ. ‘ಲಿವ್ ಅಂಡ್ ಲೆಟ್ ಲಿವ್’ ಕೇಳಿ ಮನಸ್ಸು ಹಗುರಾಗುತ್ತದೆ. ಯಾರನ್ನು, ಯಾವ ಅಪರಾಧಕ್ಕಾಗಿ ಕ್ಷಮಿಸುತ್ತಿದ್ದೇವೆ ಎಂಬುದು ಮಾತ್ರ ತಿಳಿಯುವುದಿಲ್ಲ. ಬೆಲೆ ಗೊತ್ತಿಲ್ಲದ ಕ್ಷಮೆ ಸುಲಭದ್ದು. ಹಳೆಯ ಅಭಿಮಾನಿಗಳು ‘ಮೊದಲಿನ ಹರಿತ ಇಲ್ಲ’ ಎಂದು ಗೊಣಗುವುದು ಸದ್ದಿನ ಬಗ್ಗೆ ಎಂದು ಅವರೇ ತಿಳಿದಿರಬಹುದು. ಹರಿತ ಕಡಿಮೆಯಾಗಿರುವುದು ಮಾತಿನಲ್ಲಿ.

ಆದರೆ ಇದೇ ಆಲ್ಬಮ್ಮಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಕುದುರೆಗಳೂ ಇವೆ. ‘ಅಂಡ್ ಸ್ಟಿಲ್’ ಅವನ ತೀರಿಹೋದ ತಾಯಿಯ ಬಗೆಗಿನ ಹಾಡು. 2000ದ ‘ಓವೋ’ದಲ್ಲಿ ತಂದೆಗಾಗಿ ಒಂದು ಹಾಡಿತ್ತು, ತಾಯಿಯ ಹಾಡಿಗೆ ಮತ್ತೂ ಎರಡು ದಶಕ ಹಿಡಿಯಿತು. ಅಕ್ಟೋಬರ್ 28ರ ಹುಣ್ಣಿಮೆಗೆ ಅದು ಬಂತು. ನಮ್ಮಲ್ಲಿ ಅಂದು ಶೀಗಿ ಹುಣ್ಣಿಮೆ, ಬಸುರಿ ಭೂತಾಯಿಗೆ ಉಣಬಡಿಸುವ ದಿನ. ಬರೀ ಕಾಕತಾಳೀಯವಾದರೂ ಕನ್ನಡದ ಕೇಳುಗ ಅದನ್ನು ಮರೆತು ಕೇಳುವುದು ಕಷ್ಟ. ಈ ಹಾಡಿನಲ್ಲಿ ತತ್ವವಿಲ್ಲ, ಘೋಷಣೆಯಿಲ್ಲ. ತಾಯಿಗೆ ಇಷ್ಟವಾಗಬಹುದಾಗಿದ್ದ ಹಳೆಯ ಕಾಲದ ರಾಗದ ಜಾಡು, ತಂತಿವಾದ್ಯಗಳು, ನಡುವೆ ಸಾಕಷ್ಟು ಮೌನ. ಶೀರ್ಷಿಕೆಯ ಎರಡು ಪದಗಳು ‘ಆದರೂ’ ಎಂದೂ ಆಗುತ್ತವೆ, ‘ನಿಶ್ಚಲ’ ಎಂದೂ ಆಗುತ್ತವೆ.

‘ಸೋ ಮಚ್’ ತನ್ನದೇ ಮೈಗೆ ಮುಟ್ಟಿದ ಚಾಟಿ. ಈ ಶೀರ್ಷಿಕೆಗೂ ಎರಡು ಮುಖ: ‘ಎಷ್ಟೊಂದು ಇದೆ’ ಎಂಬ ಬೆರಗು, ‘ಇಷ್ಟೇ ಉಳಿದಿರುವುದು’ ಎಂಬ ಅರಿವು. ವಯಸ್ಸಾದವನೊಬ್ಬ ಬೆಳಗಿನ ಹೊತ್ತು ಇವೆರಡನ್ನೂ ಒಟ್ಟಿಗೆ ಅನುಭವಿಸುವುದು ಸಾಧ್ಯ. ಒಂದನ್ನು ಕೊಂದು ಇನ್ನೊಂದನ್ನು ಉಳಿಸಿಕೊಳ್ಳುವ ಹಟ ಹಾಡಿಗಿಲ್ಲ. ‘ಪ್ಲೇಯಿಂಗ್ ಫಾರ್ ಟೈಮ್’ ನೆನಪುಗಳ ಬಗ್ಗೆ. ಪಿಯಾನೋ ಒಂದರಿಂದಲೇ ಶುರುವಾಗಿ ನಿಧಾನ ಏರುತ್ತದೆ. ಅದರ ಹಳೆಯ ರೂಪವೊಂದನ್ನು, ಸಾಹಿತ್ಯ ಇನ್ನೂ ಪೂರ್ತಿಯಾಗದಿದ್ದಾಗಲೇ, ಒಂದು ದಶಕದ ಹಿಂದೆ ವೇದಿಕೆಯಲ್ಲಿ ಹಾಡಿದ್ದ. ಅಂದರೆ ಕಾಲದ ಬಗೆಗಿನ ಈ ಹಾಡು ತಾನೇ ಅಷ್ಟು ಕಾಲ ತೆಗೆದುಕೊಂಡಿದೆ. ಇಲ್ಲಿ ತಡ ಎನ್ನುವುದು ಹಾಡಿನ ಒಳಗೆ ಸೇರಿಹೋಗಿದೆ.

ಕೊನೆಗಾಲದ ಕೃತಿಗಳ ಬಗ್ಗೆ ನಮ್ಮಲ್ಲಿ ಈಗ ಒಂದು ನಿರೀಕ್ಷೆ ಬೆಳೆದಿದೆ. ಡೇವಿಡ್ ಬೋವಿ 2016ರ ಜನವರಿ 8ರಂದು ‘ಬ್ಲ್ಯಾಕ್‌ಸ್ಟಾರ್’ ಬಿಡುಗಡೆ ಮಾಡಿ ಎರಡು ದಿನಕ್ಕೆ ಹೋದ. ಅದೇ ವರ್ಷ ಲೆನರ್ಡ್ ಕೊಹೆನ್ ಕೊನೆಯ ಆಲ್ಬಮ್ ಕೊಟ್ಟು ಮೂರು ವಾರದೊಳಗೆ ತೀರಿಕೊಂಡ. ಎಡ್ವರ್ಡ್ ಸೈದ್ ಕೊನೆಗಾಲದ ಶೈಲಿಯ ಬಗ್ಗೆ ಬರೆಯುವಾಗ ಮೆಚ್ಚಿಕೊಂಡಿದ್ದು ರಾಜಿಯಾಗದ ಬಿರುಕನ್ನು. ಆ ಕಣ್ಣಿಂದ ನೋಡಿದರೆ ‘ಐ/ಓ’ ಸಪ್ಪೆ ಎನಿಸುವುದು ಸಹಜ. ಗೇಬ್ರಿಯಲ್‌ನ ದನಿ ಕೊಹೆನ್‌ನ ಹಾಗೆ ಪಾತಾಳಕ್ಕೆ ಇಳಿದಿಲ್ಲ, ಡಿಲನ್‌ನ ಹಾಗೆ ಜಲ್ಲಿಯಾಗಿಲ್ಲ. 1977ರಲ್ಲಿ ಜೊತೆಗಿದ್ದ ಲೆವಿನ್ ಈಗಲೂ ಜೊತೆಗಿದ್ದಾನೆ. ಬಿರುಕಿಗಿಂತ ಕಾಪಾಡಿಕೊಂಡು ಬಂದದ್ದು ಇಲ್ಲಿ ಹೆಚ್ಚು. ಎಲ್ಲ ಮುದುಕರೂ ಸಿಟ್ಟಿನಿಂದಲೇ ಹೊರಡಬೇಕೆಂದು ಕೇಳುಗರು ಬಯಸುವುದೂ ಒಂದು ಬಗೆಯ ಕ್ರೌರ್ಯವೇ. ಆದರೆ ‘ವಯಸ್ಸಾಗಿದೆ, ಬಿಡಿ’ ಎನ್ನುವುದು ಅದಕ್ಕಿಂತ ದೊಡ್ಡ ಅವಮಾನ. ಸಮಾಧಾನದ ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಸಿಟ್ಟಿನ ಹಾಡಿನಷ್ಟೇ ನಿಷ್ಠುರವಾಗಿ ಕೇಳಬೇಕು.

ಹಾಗೆ ಕೇಳಿದಾಗ ನನ್ನ ಲೆಕ್ಕ ಇದು. ‘ಐ/ಓ’ ಅರ್ಧ ದೊಡ್ಡ ಆಲ್ಬಮ್. ತಾಯಿ, ಕಾಲ, ಮೈ ಇವುಗಳ ಹಾಡುಗಳು ‘ಸೋ’ದ ಯಾವ ಹಾಡಿನ ಪಕ್ಕದಲ್ಲಿಟ್ಟರೂ ತಲೆ ತಗ್ಗಿಸುವುದಿಲ್ಲ, ಕೆಲವು ಅದಕ್ಕಿಂತ ಆಳ. ಲೋಕದ ಹಾಡುಗಳು ಸಜ್ಜನನೊಬ್ಬನ ಒಳ್ಳೆಯ ಮಾತುಗಳಾಗಿ ನಿಲ್ಲುತ್ತವೆ. ಮೂವತ್ತರಲ್ಲಿ ದೂರದ ಸಾವಿನ ಸುದ್ದಿಗೇ ಎಚ್ಚೆತ್ತ ಕವಿ ಎಪ್ಪತ್ಮೂರರಲ್ಲಿ ಎಚ್ಚರಾಗುವುದು ಹತ್ತಿರದ ಸಾವಿಗೆ. ಬುದ್ಧನ ಮಾತಿನಲ್ಲಿ ನಾಲ್ಕೂ ಒಳ್ಳೆಯ ಕುದುರೆಗಳೇ ಎಂಬುದನ್ನು ಮರೆಯಬಾರದು.

ಹೊಸದಾಗಿ ಕೇಳುವವರು ಅರವತ್ತೆಂಟು ನಿಮಿಷವನ್ನು ಒಂದೇ ಸಲ ಮುಗಿಸಬೇಕಾಗಿಲ್ಲ. ನಿಧಾನಗತಿಯ ಹಾಡುಗಳು ಸಾಲಾಗಿ ನಿಂತಾಗ ಒಂದರ ತೂಕ ಇನ್ನೊಂದರ ಮೇಲೆ ಬೀಳುತ್ತದೆ. ತಿಂಗಳಿಗೊಂದರಂತೆ ಕೇಳಿದ ಅಭಿಮಾನಿಗಳಿಗೆ ಆ ತೊಂದರೆ ಇರಲಿಲ್ಲ. ‘ಸೋ ಮಚ್’ನಿಂದ ಶುರು ಮಾಡಿ, ಒಂದೆರಡು ದಿನ ಬಿಟ್ಟು ‘ಅಂಡ್ ಸ್ಟಿಲ್’ ಕೇಳಿ. ಆಮೇಲೆ 1980ರ ‘ಬಿಕೋ’ಗೆ ಹೋಗಿ. ಗೇಬ್ರಿಯಲ್ ಅದನ್ನು 2023ರ ಪ್ರವಾಸದಲ್ಲೂ ಕಛೇರಿಯ ಕೊನೆಗೆ ಹಾಡಿದ. ಆ ಹಾಡು ಮುಗಿಯುವ ರೀತಿ ಹಳೆಯದು: ವಾದ್ಯದವರು ಒಬ್ಬೊಬ್ಬರಾಗಿ ವೇದಿಕೆಯಿಂದ ಇಳಿದುಹೋಗುತ್ತಾರೆ, ಡ್ರಮ್ ಮಾತ್ರ ಉಳಿಯುತ್ತದೆ, ಸಾವಿರಾರು ಜನ ಹಾಡುತ್ತಲೇ ಇರುತ್ತಾರೆ.