ಆಟದ ಸಂಕೇತಭಾಷೆ: ಚೌಕಾಬಾರ ಮತ್ತು ವಿಡಿಯೊ ಗೇಮ್

ಕಳಸದ ಕಾಫಿ ಸೀಮೆಯಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು ನುಡಿಗಳು ಅಕ್ಕಪಕ್ಕದಲ್ಲೇ ಬದುಕುತ್ತ ಬಂದಿವೆ. ಇಂಥ ಕಡೆ ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆಗಳ ಚೌಕಾಬಾರ ಬರೆದರೆ, ಮನೆಮಾತು ಬೇರೆಯಾದವರೂ ಎದುರುಬದುರು ಕುಳಿತು ಆಡಬಲ್ಲರು. ಅವರನ್ನು ಬೆಸೆಯುವುದು ಗೆರೆ, ಕವಡೆ ಮತ್ತು ಕಾಯಿಗಳ ಸಂಕೇತಭಾಷೆ. ವಿಡಿಯೊ ಗೇಮ್‌ಗಳಿಗೆ ಇಂಥ ಭಾಷೆಗಳನ್ನು ರೂಪಿಸುತ್ತಿರುವ ಈ ಕಾಲದಲ್ಲಿ ಚೌಕಾಬಾರವನ್ನು ಒಂದು ಭಾಷಾವ್ಯವಸ್ಥೆಯಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಅಂಚಿನ ನಾಲ್ಕು ನಡುಮನೆಗಳಿಗೂ ಮಧ್ಯದ ಮನೆಗೂ ಎಳೆದ ಅಡ್ಡಗೀಟುಗಳು ‘ಇಲ್ಲಿ ಕಡಿಯುವಂತಿಲ್ಲ’ ಎನ್ನುತ್ತವೆ. ಸುತ್ತು ಮುಗಿಸಿ ಮಧ್ಯ ಸೇರಿದ ಕಾಯಿ ‘ಹಣ್ಣಾಗುತ್ತದೆ’. ಕಾಯಿ ಮಾಗಿ ಹಣ್ಣಾಗುವ ರೈತಾಪಿ ಅನುಭವವೇ ಇಲ್ಲಿ ಆಟದ ವ್ಯಾಕರಣವಾಗಿದೆ. ಗೀಟಿನ ಅರ್ಥವನ್ನು ಯಾರೂ ಪಾಠವಾಗಿ ಹೇಳುವುದಿಲ್ಲ. ಗೀಟಿಲ್ಲದ ಮನೆಯಲ್ಲಿ ಕಾಯಿ ಕಳೆದುಕೊಂಡ ಮಗು ಅದನ್ನು ತಾನೇ ಕಲಿಯುತ್ತದೆ.

2023ರಲ್ಲಿ ಫ್ರಾನ್ಸಿನ ರನ್‌ಡಿಸ್ಕ್ ತಂಡ ರೂಪಿಸಿದ ‘ಚಾಂಟ್ಸ್ ಆಫ್ ಸೆನ್ನಾರ್’ ಈ ದೃಷ್ಟಿಯಿಂದ ಗಮನಾರ್ಹ ಕೃತಿ. ಬೇಬೆಲ್ ಗೋಪುರದ ಕಥೆಯನ್ನು ನೆನಪಿಸುವ ಈ ಆಟದಲ್ಲಿ ಪ್ರತಿ ಜನವರ್ಗಕ್ಕೂ ಬೇರೆಯೇ ಚಿಹ್ನೆಗಳಿವೆ. ಸಂದರ್ಭ ನೋಡಿ ಅರ್ಥ ಊಹಿಸುವುದು ಆಟಗಾರನ ಕೆಲಸ. ಮೊದಲ ಭಾಷೆಯಲ್ಲಿ ಚಿಹ್ನೆಯನ್ನು ಎರಡು ಸಲ ಬರೆದರೆ ಬಹುವಚನ. ‘ಮನೆಮನೆ’, ‘ಊರೂರು’ ಎನ್ನುವ ಕನ್ನಡಿಗರಿಗೆ ಈ ದ್ವಿರುಕ್ತಿ ಅಪರಿಚಿತವೇನಲ್ಲ. ಕಲಿಕೆಯನ್ನು ಸಂದರ್ಭದಿಂದಲೇ ಹೊರಡಿಸಿರುವುದು ಈ ಕೃತಿಯ ನಿಜವಾದ ಸಾಧನೆ.

ಅದರ ಮಿತಿ ಇರುವುದು ಬೇರೆಡೆ. ಊಹೆ ಸರಿಯೇ ಎಂಬುದನ್ನು ಆಟದೊಳಗಿನ ಟಿಪ್ಪಣಿಪುಸ್ತಕ ತೀರ್ಮಾನಿಸುತ್ತದೆ. ಕೊನೆಕೊನೆಗೆ ಆಟಗಾರ ಜನವರ್ಗಗಳ ನಡುವೆ ದುಭಾಷಿಯಾದರೂ ಸರಿಯುತ್ತರ ಮೊದಲೇ ನಿಗದಿಯಾಗಿರುತ್ತದೆ. ಆತ ಭಾಷೆಯನ್ನು ಓದಬಲ್ಲ, ಬದಲಿಸಲಾರ. ಚೌಕಾಬಾರದಲ್ಲಾದರೋ ಕವಡೆ ಹಾಕುವ ಮುನ್ನವೇ ಮಾತುಕತೆ ನಡೆಯುತ್ತದೆ: ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಒಂದೇ ಮನೆಯಲ್ಲಿ ಜೋಡಿಯಾದ ಕಾಯಿಗಳಿಗೆ ರಕ್ಷಣೆಯುಂಟೇ? ಉತ್ತರ ಊರಿಂದೂರಿಗೆ, ಕೆಲವೊಮ್ಮೆ ಮನೆಯಿಂದ ಮನೆಗೆ ಬೇರೆ. ಗೀಟು ಅದೇ, ಅದರ ಸುತ್ತಲಿನ ಒಪ್ಪಂದ ಮಾತ್ರ ಪ್ರತಿ ಸಲವೂ ಹೊಸದು.

ಈ ಆಕ್ಷೇಪಣೆ ಜಾನಪದ ವಿದ್ವಾಂಸರಾದ ನಮಗೂ ಅನ್ವಯಿಸುತ್ತದೆ. ನಾವು ಮಣೆಯ ನಕ್ಷೆ ಬರೆದುಕೊಂಡೆವು, ನಿಯಮಗಳಿಗೆ ಅಂಕೆ ಹಾಕಿದೆವು. ಒಂದು ಪಾಠವನ್ನು ‘ಸರಿ’ಯೆಂದು ಆರಿಸಿ ಉಳಿದವನ್ನು ಪಾಠಾಂತರವೆಂದು ಬದಿಗಿಟ್ಟೆವು. ನಾನು ಕೂಡ ನನ್ನ ಟಿಪ್ಪಣಿಗಳಲ್ಲಿ ಆಟಕ್ಕೆ ಮುಂಚಿನ ಜಗಳವನ್ನು ದಾಖಲಿಸದೆ ಬಿಟ್ಟಿದ್ದೇನೆ. ಆ ಜಗಳವೇ ಭಾಷೆ ಹುಟ್ಟುವ ಜಾಗವೆಂದು ತಿಳಿಯುವ ಹೊತ್ತಿಗೆ ಹಲವು ಅಂಗಳಗಳು ಬರಿದಾಗಿದ್ದವು.

ನಾಳೆ ನಮ್ಮವರೇ ಹಸೆ, ರಂಗೋಲಿ, ಚೌಕಾಬಾರಗಳ ಚಿಹ್ನೆಗಳಿಂದ ಗೇಮ್ ಕಟ್ಟಬಹುದು. ಅವರಿಗೆ ನಾವು ಆಕಾರಗಳನ್ನಷ್ಟೇ ಒದಗಿಸಿದರೆ ಅವು ಅಲಂಕಾರವಾಗಿ ಉಳಿಯುತ್ತವೆ. ಅರ್ಥದ ಬಗ್ಗೆ ತಕರಾರು ಎತ್ತುವ ಆಟಗಾರನ ಹಕ್ಕನ್ನೂ ಒದಗಿಸಿದರೆ ಮಾತ್ರ ಅದು ಭಾಷೆಯಾದೀತು.