ವಲಿ: ಜನ್ಮಸ್ಥಳದ ವಾದ ಮತ್ತು ಬೆರೆತ ನುಡಿ

1667ರಲ್ಲಿ ಔರಂಗಾಬಾದಿನಲ್ಲಿ ಹುಟ್ಟಿ 1707ರಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡನೆಂದು ಸಾಮಾನ್ಯವಾಗಿ ಹೇಳಲಾಗುವ ಕವಿ ವಲಿಯನ್ನು ಒಂದು ಪರಂಪರೆ ‘ದಖನಿ’ ಎಂದೂ ಇನ್ನೊಂದು ‘ಗುಜರಾತಿ’ ಎಂದೂ ಕರೆಯುತ್ತದೆ. ಎರಡನೆಯ ಪಕ್ಷವನ್ನು ಸಯ್ಯದ್ ಜಹೀರುದ್ದೀನ್ ಮದನಿಯವರು ಸಮರ್ಥಿಸಿದ್ದಾರೆ. ಸೂರತ್ ನಗರವನ್ನು ಹೊಗಳುವ ಮಸ್ನವಿ, ಗುಜರಾತಿನ ಅಗಲಿಕೆಯನ್ನು ಕುರಿತ ಪದ್ಯ ಈ ಪಕ್ಷಕ್ಕೆ ಬಲ ಕೊಡುತ್ತವೆ. ಆದರೆ ಜನ್ಮಸ್ಥಳದ ಈ ವ್ಯಾಜ್ಯದಲ್ಲಿ ಕವಿಯ ನುಡಿಯೇ ಹಿಂದೆ ಸರಿದಿದೆ ಎಂಬುದು ನಮ್ಮ ಅಭಿಪ್ರಾಯ.

ಆ ಕಾವ್ಯಭಾಷೆಗೆ ಇದ್ದ ಹೆಸರು ರೇಖ್ತಾ. ಸುರಿದದ್ದು, ಬೆರೆತದ್ದು ಎಂದು ಅದರ ಅರ್ಥ. ಸಜನ್, ಮೋಹನ್, ಪೀತಮ್, ನೈನ್ ಮೊದಲಾದ ದೇಶೀಯ ಪದಗಳು ವಲಿಯ ಗಜಲುಗಳಲ್ಲಿ ಪಾರಸಿಯ ಪದಗಳ ಮಗ್ಗುಲಲ್ಲಿ ಸಂಕೋಚವಿಲ್ಲದೆ ಕುಳಿತಿವೆ. ದ್ವೀಪನಾಡುಗಳ ಕ್ರಿಯೋಲ್ ಕಾವ್ಯವನ್ನು ಚರ್ಚಿಸುವವರು ಬೆರಕೆ ನುಡಿಯ ಘನತೆಯ ಪ್ರಶ್ನೆಯನ್ನು ಹೊಸದೆಂಬಂತೆ ಎತ್ತುವುದುಂಟು. ರೇಖ್ತಾ ಭಾಷಾಶಾಸ್ತ್ರದ ಅರ್ಥದಲ್ಲಿ ಕ್ರಿಯೋಲ್ ಅಲ್ಲ; ಪ್ರಶ್ನೆ ಮಾತ್ರ ಅದೇ.

ಕನ್ನಡ ಸಂಶೋಧಕರಿಗೆ ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಅಹಮದಾಬಾದಿನ ಖೂಬ್ ಮುಹಮ್ಮದ್ ಚಿಷ್ತಿ 1578ರಲ್ಲಿ ‘ಖೂಬ್ ತರಂಗ್’ ರಚಿಸಿದ್ದು ಗುಜರಿಯಲ್ಲಿ. ಅದೇ ಶತಮಾನದಲ್ಲಿ ಬಿಜಾಪುರದ ಸೂಫಿ ಬುರ್ಹಾನುದ್ದೀನ್ ಜಾನಮ್ ತನ್ನ ನುಡಿಯನ್ನೂ ಗುಜರಿಯೆಂದೇ ಕರೆದನು. ಅಂದಮೇಲೆ ದಖನಿ, ಗುಜರಿ ಎಂಬ ಹೆಸರುಗಳು ವಲಿಯ ಹುಟ್ಟಿಗೆ ಮೊದಲೇ ಒಂದರೊಳಗೊಂದು ಸೇರಿಕೊಂಡಿದ್ದವು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ‘ಕಿತಾಬ್-ಎ-ನೌರಸ್’, ನುಸ್ರತಿಯ ಕಾವ್ಯಗಳು ನಮ್ಮ ನೆಲದಲ್ಲೇ ಹುಟ್ಟಿದರೂ ಕನ್ನಡದ ಸಾಹಿತ್ಯ ಚರಿತ್ರೆಗಳು ಇವನ್ನು ರಾಜಕೀಯ ಹಿನ್ನೆಲೆಯ ಅಧ್ಯಾಯಕ್ಕೆ ಬಿಟ್ಟುಕೊಟ್ಟದ್ದೇ ಹೆಚ್ಚು.

ವಲಿ 1700ರಲ್ಲಿ ದೆಹಲಿಗೆ ಹೋದನು. ಪಾರಸಿಯ ವಸ್ತುಗಳನ್ನು ರೇಖ್ತಾಕ್ಕೆ ತರುವಂತೆ ಅಲ್ಲಿ ಶಾಹ್ ಗುಲ್ಶನ್ ಉಪದೇಶಿಸಿದನೆಂಬ ಕಥೆ 1752ರಲ್ಲಿ ಮೀರ್ ಬರೆದ ಕವಿಚರಿತೆಯಲ್ಲಿದೆ. ಶಂಸುರ್ರಹಮಾನ್ ಫಾರೂಕಿಯವರು ಈ ಕಥೆಯನ್ನು ಒಪ್ಪಲಿಲ್ಲ, ನಾವೂ ಒಪ್ಪಲಾರೆವು. 1720ರ ಸುಮಾರಿಗೆ ವಲಿಯ ದಿವಾನ್ ದೆಹಲಿ ತಲುಪಿದ ಮೇಲಲ್ಲವೇ ಅಲ್ಲಿನ ಕವಿಗಳು ರೇಖ್ತಾದಲ್ಲಿ ಹುರುಪಿನಿಂದ ಬರೆಯತೊಡಗಿದ್ದು? ದಕ್ಷಿಣದಿಂದ ಪಡೆದದ್ದನ್ನು ರಾಜಧಾನಿ ತಾನೇ ಕೊಟ್ಟಂತೆ ಹೇಳಿಕೊಂಡಿತು.

ಅಹಮದಾಬಾದಿನ ಶಾಹಿಬಾಗಿನಲ್ಲಿದ್ದ ವಲಿಯ ಗೋರಿಯನ್ನು 2002ರ ಗಲಭೆಗಳಲ್ಲಿ ನೆಲಸಮ ಮಾಡಿ, ಕೆಲವೇ ದಿನಗಳಲ್ಲಿ ಅದರ ಮೇಲೆ ಡಾಂಬರು ಹಾಕಲಾಯಿತು. ಪೊಲೀಸ್ ಆಯುಕ್ತರ ಕಚೇರಿ ಅಲ್ಲಿಗೆ ಹತ್ತಿರವೇ ಇತ್ತು. ವಡೋದರದಲ್ಲಿ ಆಗ್ರಾ ಘರಾಣೆಯ ಉಸ್ತಾದ್ ಫೈಯಾಜ್ ಖಾನರ ಸಮಾಧಿಗೂ ಅದೇ ಗಲಭೆಗಳಲ್ಲಿ ಹಾನಿಯಾಯಿತು. ಗುಜರಾತಿಯೆನ್ನಿಸಿಕೊಂಡ ಕವಿಗೆ ಗುಜರಾತಿನಲ್ಲಿದ್ದ ಗುರುತು ಹೀಗೆ ಅಳಿಯಿತು.

ಉಳಿದಿರುವುದು ದಿವಾನ್. ಅದನ್ನು ಜಾನಮ್‌ನ ಬಿಜಾಪುರದ ಕೃತಿಗಳೊಡನೆ, ಖೂಬ್ ಮುಹಮ್ಮದನ ಅಹಮದಾಬಾದಿನ ಕಾವ್ಯದೊಡನೆ ಇಟ್ಟು ಓದುವ ಕೆಲಸಕ್ಕೆ ಕನ್ನಡ, ದಖನಿ, ಗುಜರಾತಿ ಮೂರನ್ನೂ ಬಲ್ಲವರು ಬೇಕು. ಹೊರನಾಡಿನಲ್ಲಿ ದುಡಿಯುವ ಕನ್ನಡ ಸಂಶೋಧಕರಿಗೆ ಈ ಕೆಲಸ ಉಳಿದವರಿಗಿಂತ ಹತ್ತಿರದ್ದು.