ಮೂವತ್ತೆಂಟನೆಯ ವರ್ಷದ ಜೀಪು

ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟು ಊರಿಗೆ ಬಂದದ್ದು ಕಳೆದ ಏಪ್ರಿಲ್‌ನಲ್ಲಿ. ಅಧ್ಯಾಯದ ಹೆಸರು ‘ಮಲೆನಾಡಿನ ಕಥನಗಳಲ್ಲಿ ಯಂತ್ರದ ಪ್ರವೇಶ’. ಆ ‘ಪ್ರವೇಶ’ ಎಂಬ ಪದದ ಮೇಲೆ ನನಗೆ ಆಗ ಬಹಳ ನಂಬಿಕೆಯಿತ್ತು. ಮಾದಾಪುರದಲ್ಲಿ ಬಸ್ಸಿಳಿದು ಮನೆಗೆ ನಡೆದು ಬಂದರೆ ಕಣದ ನಡುವೆ ಅಪ್ಪನ ಜೀಪು ನಿಂತಿತ್ತು. ಚಿಕ್ಕಪ್ಪನ ಮಗ ಅದನ್ನು ಶೆಡ್ಡಿನಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದ. ಅಪ್ಪ ತೀರಿಕೊಂಡ ಮೇಲೆ ಮೂರು ಮಳೆಗಾಲ ಅದು ಶೆಡ್ಡಿನಲ್ಲೇ ಇತ್ತು. ಬಾನೆಟ್ ಎತ್ತಿದರೆ ಏರ್ ಫಿಲ್ಟರಿನ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿ ಖಾಲಿ ಮಾಡಿ ಹೋದ ಗುರುತು.

‘ಅಕ್ಕಾ, ಇದನ್ನ ರೆಡಿ ಮಾಡೋಣ. ಎತ್ತರ ಮಾಡಿ, ದೊಡ್ಡ ಟಯರ್ ಹಾಕಿದ್ರೆ ಮಾಂದಲ್‌ಪಟ್ಟಿಗೆ ಬಿಡಬಹುದು’ ಎಂದ ಅವನು.

ಕೊಡಗಿನ ಹೊರಗಿನವರಿಗೆ ಇದರ ಅರ್ಥ ಸ್ವಲ್ಪ ಹೇಳಬೇಕು. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವ ದಾರಿಯ ಕೊನೆಯ ಭಾಗ ಜೀಪಿಗೇ ಮೀಸಲಾದಂಥದ್ದು. 2008ರಲ್ಲಿ ‘ಗಾಳಿಪಟ’ ಸಿನಿಮಾ ಆ ಬೆಟ್ಟಕ್ಕೆ ಮುಗಿಲುಪೇಟೆ ಎಂದು ಹೆಸರಿಟ್ಟ ಮೇಲೆ ಪ್ರವಾಸಿಗರ ಸಾಲು ನಿಂತಿಲ್ಲ. ತೋಟದ ಗೊಬ್ಬರ, ಕಾಫಿ ಮೂಟೆ, ಕರಿಮೆಣಸು, ಹೆರಿಗೆ ನೋವಿನ ಹೆಂಗಸರು ಇಷ್ಟನ್ನೇ ಹೊರುತ್ತಿದ್ದ ಹಳೆಯ ಜೀಪುಗಳು ಈಗ ಬೆಂಗಳೂರಿನ ಹುಡುಗರನ್ನು ಹೊರುತ್ತವೆ. ಇದರಲ್ಲಿ ನನಗೆ ತಕರಾರಿಲ್ಲ. ಕಾಫಿ ಬೆಲೆಯನ್ನು ನಂಬಿ ಕೂತವರ ಪಾಡು ನಮ್ಮ ಮನೆಗೆ ಗೊತ್ತು.

ನಮ್ಮದು 1987ರ ಮಹೀಂದ್ರ ಎಂಎಂ 540. ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್ನು. ವಿಲ್ಲೀಸ್ ಕಂಪನಿಯ ಜೀಪನ್ನು ಮಹೀಂದ್ರದವರು ಇಲ್ಲಿ ಜೋಡಿಸಲು ಶುರುಮಾಡಿದ್ದು 1947ರಲ್ಲಿ. ಅಮೆರಿಕದ ಯುದ್ಧದ ಗಾಡಿ ನಮ್ಮ ಬೆಟ್ಟ ಹತ್ತಿ ಫ್ರೆಂಚರ ಎಂಜಿನ್ ಇಟ್ಟುಕೊಳ್ಳುವ ಹೊತ್ತಿಗೆ ನಲವತ್ತು ವರ್ಷ ಆಗಿತ್ತು. ಅಪ್ಪ ಅದನ್ನು ಕೊಂಡದ್ದು ಸೆಕೆಂಡ್ ಹ್ಯಾಂಡು, 1995ರಲ್ಲಿ. ಹಿಂದಿನ ವರ್ಷ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟಿದ್ದವು. ಕೊಡಗಿನಲ್ಲಿ ಬೆಲೆ ಏರಿತ್ತು. ನಮ್ಮ ಕಡೆ ಆ ವರ್ಷಗಳಲ್ಲಿ ಬಂದ ಜೀಪು, ಕಟ್ಟಿದ ತಾರಸಿ, ಆದ ಮದುವೆ ಎಲ್ಲಕ್ಕೂ ಬ್ರೆಜಿಲ್ಲಿನ ಋಣವಿದೆ. ಅಪ್ಪ ಹಿಂದಿನ ಸೀಟು ಕಿತ್ತು, ಬದಿಗೆ ಹಲಸಿನ ಹಲಗೆ ಕಟ್ಟಿ ಅದನ್ನು ಪಿಕಪ್ ಮಾಡಿಕೊಂಡರು. ನನಗೆ ನೆನಪಿರುವ ಜೀಪಿಗೆ ಸೀಟೇ ಇಲ್ಲ, ಮೂಟೆಯ ಮೇಲೆ ಕೂತೇ ಶಾಲೆಗೆ ಹೋದದ್ದು.

ಇನ್ನು ನನ್ನ ಅಧ್ಯಾಯದ ವಿಷಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಬೈಸಿಕಲ್ಲಿನಿಂದ ನಾನು ಆರಂಭಿಸಿದ್ದೆ. ಪಾದ್ರಿಯೊಂದಿಗೆ ಮಲೆಗೆ ಬರುವ ಆ ಸೈಕಲ್ಲಿನ ಬಗ್ಗೆ ಕನ್ನಡ ವಿಮರ್ಶೆ ಬರೆದಿರುವುದು ಸಣ್ಣ ಪ್ರಮಾಣದ್ದಲ್ಲ. ವಸಾಹತುಶಾಹಿ, ಮತಾಂತರ, ಆಧುನಿಕತೆ ಎಲ್ಲವೂ ಆ ಎರಡು ಚಕ್ರಗಳ ಮೇಲೆ ಕೂತು ಬರುತ್ತವೆ. ನಾನೂ ಅದನ್ನೇ ಇನ್ನಷ್ಟು ಅಡಿಟಿಪ್ಪಣಿ ಹಾಕಿ ಬರೆದಿದ್ದೆ. ಸೈಕಲ್ ಬರುತ್ತದೆ, ಊರು ಬೆರಗಾಗುತ್ತದೆ, ಒಂದು ಲೋಕ ಮುರಿಯುತ್ತದೆ. ಬಂದ ಸೈಕಲ್ಲಿಗೆ ಮಾರನೆಯ ವರ್ಷ ಏನಾಯಿತು, ಪಂಕ್ಚರ್ ಆದಾಗ ಯಾರು ಹಾಕಿದರು, ಚೈನಿಗೆ ಯಾವ ಎಣ್ಣೆ ಬಿಟ್ಟರು ಎಂದು ಕೇಳಬೇಕೆಂದು ನನಗೆ ಅನ್ನಿಸಿರಲಿಲ್ಲ. ಕಾದಂಬರಿಯನ್ನು ಹಾಗೆ ಕೇಳುವುದು ಅನ್ಯಾಯವೂ ಹೌದು, ಅದರ ಕೆಲಸ ಅದಲ್ಲ. ಆದರೆ ವಿಮರ್ಶೆ ಐವತ್ತು ವರ್ಷ ಪ್ರವೇಶದ ಬಾಗಿಲಲ್ಲೇ ಯಾಕೆ ನಿಂತಿತು?

ಆ ಕಾದಂಬರಿಯಲ್ಲೇ ಒಂದು ಸುಳಿವಿತ್ತು. ಊರ ಜನ ಬೈಸಿಕಲ್ಲನ್ನು ‘ಬೀಸೆಕಲ್ಲು’ ಅನ್ನುತ್ತಾರೆ. ಇದನ್ನು ನಾವೆಲ್ಲ ಮುಗ್ಧತೆ ಎಂದು, ತಮಾಷೆ ಎಂದು ಓದಿದೆವು. ಕಣದಲ್ಲಿ ಎರಡು ತಿಂಗಳು ಸ್ಪ್ಯಾನರ್ ಹಿಡಿದ ಮೇಲೆ ನನಗೆ ಅದು ಬೇರೆ ಥರ ಕೇಳಿಸುತ್ತದೆ. ಸಿಗದ ಬಿಡಿಭಾಗದ ಜಾಗಕ್ಕೆ ಮನೆಯಲ್ಲಿ ಇದ್ದದ್ದನ್ನು ಹಾಕಿ ಗಾಡಿ ಓಡಿಸುವ ಕೆಲಸ ಅದು. ಬಾಯಿಗೆ ಒಗ್ಗದ ಪದಕ್ಕೆ ಅಡುಗೆಮನೆಯ ಬೀಸುವ ಕಲ್ಲನ್ನು ಜೋಡಿಸಿದ್ದಾರೆ. ಯಂತ್ರವೂ ತಿರುಗುತ್ತದೆ, ಕಲ್ಲೂ ತಿರುಗುತ್ತದೆ; ಪದ ಓಡುತ್ತದೆ. ಮಲೆಯ ಜನ ಯಂತ್ರಕ್ಕೆ ಬೆರಗಾಗಿ ಬಾಯಿ ಬಿಟ್ಟು ನಿಂತಿರಲಿಲ್ಲ, ಬಂದ ದಿನವೇ ರಿಪೇರಿಗೆ ಇಳಿದಿದ್ದರು.

ಕೆಲಸ ಶುರುವಾದದ್ದು ಬಣ್ಣ ಕೆರೆಯುವುದರಿಂದ. ಅಪ್ಪ ಬಳಿಸಿದ ನೀಲಿ ಮೇಲಿತ್ತು. ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ಕೆಂಪು ಪ್ರೈಮರು. ತಮ್ಮನಿಗೆ ‘ಒರಿಜಿನಲ್’ ಬೇಕು, ಅಂದರೆ ಮಿಲಿಟರಿ ಹಸಿರು. ಸೇನೆಯ ವಾಹನ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ ಎಂದೆ. ಅದಿರಲಿ, ನಮ್ಮ ಜೀಪು ಎಂದೂ ಸೇನೆಯಲ್ಲಿರಲಿಲ್ಲ. ಸಿಕ್ಕ ಪದರಗಳಲ್ಲಿ ಯಾವುದೂ ಆ ಹಸಿರಲ್ಲ. ಅವನು ಬಯಸಿದ ಮೂಲ ಈ ಜೀಪಿಗೆ ಯಾವತ್ತೂ ಇರದೇ ಇದ್ದ ಮೂಲ.

ಎಂ.ಎ.ಯಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಈ ಇಕ್ಕಟ್ಟು ಪರಿಚಿತ. ‘ವಡ್ಡಾರಾಧನೆ’ಯಂಥ ಕೃತಿಯನ್ನು ಸಂಪಾದಿಸಿದವರು ಅವರು. ಓಲೆಯಿಂದ ಓಲೆಗೆ ಇಳಿಯುವಾಗ ಲಿಪಿಕಾರ ಮಾಡಿದ ತಪ್ಪು, ಸೇರಿಸಿದ ಪಾಠ, ಬಿಟ್ಟ ಸಾಲು ಇವನ್ನೆಲ್ಲ ತೂಗಿ ಕವಿ ಬರೆದದ್ದರ ಹತ್ತಿರ ಹೋಗುವ ಶಿಸ್ತು ಅದು. ಜೀಪಿಗೆ ಆ ಶಿಸ್ತು ಎಷ್ಟು ಒಪ್ಪುತ್ತದೆ? ಕಾರ್ಖಾನೆಯಿಂದ ಹೊರಬಿದ್ದ ದಿನದ ಜೀಪನ್ನೇ ಮೂಲಪಾಠ ಎಂದುಕೊಂಡರೆ ಅಪ್ಪ ಮಾಡಿದ್ದೆಲ್ಲ ಪ್ರಕ್ಷಿಪ್ತ. ಹಲಸಿನ ಹಲಗೆ ಪ್ರಕ್ಷಿಪ್ತ, ನಾನು ಕೂತ ಮೂಟೆ ಪ್ರಕ್ಷಿಪ್ತ. ಇಂಟರ್‌ನೆಟ್ಟಿನಲ್ಲಿ ಫಳಫಳ ಹೊಳೆಯುವ ‘ರಿಸ್ಟೋರ್’ ಆದ ಜೀಪುಗಳನ್ನು ನೋಡಿದಾಗ ನನಗಾಗುವ ಕಸಿವಿಸಿ ಇದೇ ಇರಬೇಕು. ಅವುಗಳಲ್ಲಿ ಲಿಪಿಕಾರರೆಲ್ಲ ಅಳಿಸಿಹೋಗಿದ್ದಾರೆ.

ಹಾಗಾಗಿ ಚಾಸಿಯ ಎಡಬದಿಯಲ್ಲಿ ಬೆಸುಗೆ ಹಾಕಿದ ಒಂದು ಕಬ್ಬಿಣದ ಪಟ್ಟಿ ಸಿಕ್ಕಾಗ, ಅದನ್ನು ಮುಟ್ಟಬಾರದು ಎಂದು ಹಟ ಹಿಡಿದೆ. 2018ರ ಆಗಸ್ಟ್ ತಿಂಗಳ ನಡುವೆ ಬೆಟ್ಟಗಳು ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಈ ಹೆಸರುಗಳನ್ನು ಆಗ ಕರ್ನಾಟಕವೆಲ್ಲ ಟಿ.ವಿ.ಯಲ್ಲಿ ಕೇಳಿತು. ಆ ಎರಡು ದಿನ ಅಪ್ಪ ಈ ಜೀಪಿನಲ್ಲಿ ಅಕ್ಕಪಕ್ಕದ ಮನೆಯವರನ್ನು ಕೆಳಗಿಳಿಸಿದರು. ಮೂರನೆಯ ಸುತ್ತಿನಲ್ಲಿ ಚಾಸಿ ಬಿರುಕು ಬಿಟ್ಟಿತು. ಆಮೇಲೆ ಎಲ್ಲಿಂದಲೋ ಪಟ್ಟಿ ತಂದು ತಾವೇ ಬೆಸುಗೆ ಹಾಕಿದ್ದರು.

ಮೇಸ್ತ್ರಿಗೆ ಅರವತ್ತು ದಾಟಿದೆ. ಜೀಪಿನ ಕೆಳಗೆ ಗೋಣಿ ಹಾಸಿ ಮಲಗಿ, ಸುತ್ತಿಗೆಯಿಂದ ಆ ಪಟ್ಟಿಗೆ ಎರಡು ಸಲ ಬಡಿದು ಸದ್ದು ಕೇಳಿದರು. ‘ನೋಡಮ್ಮ, ನಿಮ್ಮಪ್ಪ ಒಳ್ಳೆ ಮನುಷ್ಯ. ಬೆಸುಗೆ ಮಾತ್ರ ಬರ್ತಿರಲಿಲ್ಲ ಅವರಿಗೆ’ ಎಂದರು. ಬೆಸುಗೆಯ ಅಂಚಿಗೇ ಹೊಸ ಬಿರುಕು ಹೊರಟಿತ್ತು. ಇಳಿಜಾರಿನಲ್ಲಿ ಲೋಡು ಬಿದ್ದರೆ ಅಲ್ಲೇ ಮುರಿಯುತ್ತದೆ, ಒಳಗಿದ್ದವರು ಯಾರು ಎಂದು ಕಬ್ಬಿಣ ನೋಡುವುದಿಲ್ಲ ಎಂದರು. ಕತ್ತರಿಸಿದರು. ಗ್ರಂಥ ಸಂಪಾದಕ ತಾನು ಬಿಟ್ಟ ಪಾಠವನ್ನು ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ಉಳಿಸಬಹುದು. ಚಾಸಿಗೆ ಅಡಿಟಿಪ್ಪಣಿ ಇಲ್ಲ. ಆ ತುಂಡನ್ನು ಎತ್ತಿಡಬೇಕು ಅಂದುಕೊಂಡಿದ್ದೆ. ನಾನು ಊಟಕ್ಕೆ ಒಳಗೆ ಹೋಗಿ ಬರುವಷ್ಟರಲ್ಲಿ ಗುಜರಿಯವನು ಬಂದು ಉಳಿದ ಕಬ್ಬಿಣದ ಜೊತೆ ತೂಕಕ್ಕೆ ಹಾಕಿಕೊಂಡು ಹೋಗಿದ್ದ.

ರಾಬರ್ಟ್ ಪಿರ್ಸಿಗ್‌ನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ (1974) ಇಂಥ ಹೊತ್ತಿನಲ್ಲಿ ಎಲ್ಲರೂ ಹೆಸರಿಸುವ ಪುಸ್ತಕ. ಅದರಲ್ಲಿ ಗೆಳೆಯನ ದುಬಾರಿ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲ್ ಸಡಿಲವಾದಾಗ, ಬಿಯರ್ ಡಬ್ಬಿಯ ತಗಡು ಕತ್ತರಿಸಿ ನಡುವೆ ಸಿಕ್ಕಿಸೋಣ ಎಂದು ನಿರೂಪಕ ಹೇಳುತ್ತಾನೆ, ಗೆಳೆಯನಿಗೆ ಅವಮಾನವಾಗುತ್ತದೆ. ಒಳ್ಳೆಯ ಪ್ರಸಂಗ. ಆದರೆ ಆ ತಗಡಿನಿಂದ ಪಿರ್ಸಿಗ್ ಜಗತ್ತನ್ನು ನೋಡುವ ಎರಡು ಕ್ರಮಗಳಿಗೆ, ಅಲ್ಲಿಂದ ಗ್ರೀಕರ ತನಕ ಹೋಗುತ್ತಾನೆ. ನೂರು ಪುಟ ಕಳೆಯುವಷ್ಟರಲ್ಲಿ ಬೈಕು ನೆಪವಾಗಿರುತ್ತದೆ. ನಮ್ಮ ಕಡೆ ಯಾವ ಮೇಸ್ತ್ರಿಗೂ ಡಬ್ಬಿಯ ತಗಡು ತತ್ವಶಾಸ್ತ್ರವಲ್ಲ. ಅದು ಮಂಗಳವಾರ ಸಂತೆಗೆ ಗಾಡಿ ಹೊರಡಬೇಕು ಎಂಬ ಅವಸರ.

ಇಲ್ಲಿ ನನಗೆ ತೇಜಸ್ವಿ ಹೆಚ್ಚು ಹತ್ತಿರ. ‘ಅಣ್ಣನ ನೆನಪು’ ಪುಸ್ತಕದಲ್ಲಿ ಕುವೆಂಪು ಅವರ ಸ್ಟುಡಿಬೇಕರ್ ಕಾರು ಬರುತ್ತದೆ. ಕನ್ನಡದ ಮಹಾಕವಿಯ ಮನೆಯಲ್ಲಿ ಯಂತ್ರ ಪ್ರತೀಕವಾಗಿ ಅಲ್ಲ, ಮನೆಯ ಒಬ್ಬ ಹಿರಿಯನ ಹಾಗೆ, ತನ್ನ ರಗಳೆಗಳ ಸಮೇತ ಇದೆ. ತಂದೆಯ ಕಾದಂಬರಿಯಲ್ಲಿ ಪ್ರವೇಶಿಸಿದ ಯಂತ್ರ ಮಗನ ಗದ್ಯದಲ್ಲಿ ಹಳೆಯದಾಗುತ್ತದೆ. ಈ ವಾಕ್ಯ ನನ್ನ ಅಧ್ಯಾಯದಲ್ಲಿ ಇರಬೇಕಿತ್ತು, ಇರಲಿಲ್ಲ.

‘ಕರ್ವಾಲೊ’ (1980) ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಊರೆಲ್ಲ ಉಡಾಳ ಎಂದುಕೊಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಸುತ್ತಿಗೆಯ ಸದ್ದಿನಲ್ಲೇ ಬಿರುಕು ಕೇಳಿಸಿಕೊಂಡ ಮೇಸ್ತ್ರಿಯನ್ನು ನೋಡಿದ ಸಂಜೆ ನನ್ನ ನೋಟ್‌ಬುಕ್ಕಿನಲ್ಲಿ ‘ಮಂದಣ್ಣ!’ ಎಂದು ಬರೆದುಕೊಂಡೆ. ಮಾರನೆಯ ದಿನ ಹೊಡೆದುಹಾಕಿದೆ. ಮೇಸ್ತ್ರಿ ಹನ್ನೆರಡನೆಯ ವಯಸ್ಸಿಗೆ ಗ್ಯಾರೇಜಿಗೆ ಸೇರಿ, ಬೈಗುಳ ತಿಂದು, ಎರಡು ಬೆರಳಿನ ತುದಿ ಕಳೆದುಕೊಂಡು ಕಲಿತವರು. ದಿನದ ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಂಡವರು. ಅದನ್ನು ಹುಟ್ಟುಪ್ರತಿಭೆ ಎಂದುಬಿಟ್ಟರೆ ಆ ಐವತ್ತು ವರ್ಷದ ಲೆಕ್ಕ ತಪ್ಪುತ್ತದೆ. ‘ದೇಸಿ ಜ್ಞಾನ’ದ ಬಗ್ಗೆ ನಮ್ಮ ವಿಚಾರಸಂಕಿರಣಗಳಲ್ಲಿ ನಡೆಯುವ ಆರಾಧನೆಯಲ್ಲಿ ಕೂಲಿಯ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಎತ್ತರ ಮಾಡುವ ವಿಷಯಕ್ಕೆ ನಿಜವಾದ ಜಗಳವಾಯಿತು. ಈ ಜೀಪಿನಲ್ಲಿ ಕಮಾನು ಪಟ್ಟೆಗಳು ಆಕ್ಸಲ್ಲಿನ ಕೆಳಗೆ ಕೂತಿರುತ್ತವೆ. ಅವನ್ನು ಆಕ್ಸಲ್ಲಿನ ಮೇಲಕ್ಕೆ ತಂದರೆ ಗಾಡಿ ಒಂದೇ ಏಟಿಗೆ ಸುಮಾರು ಐದು ಇಂಚು ಏಳುತ್ತದೆ. ತಮ್ಮ ಫೋನಿನಲ್ಲಿ ನೋಡಿದ್ದು ಅದು. ಮೇಸ್ತ್ರಿ ಕಣದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಗಾಡಿ ಎದ್ದರೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗುತ್ತದೆ, ಅದರ ಜಾಯಿಂಟು ಬೇಗ ಸವೆಯುತ್ತದೆ. ಸ್ಟೀರಿಂಗ್ ರಾಡೂ ಓರೆಯಾಗಿ, ಗುಂಡಿಗೆ ಚಕ್ರ ಬಿದ್ದರೆ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಭಾರ ಮೇಲೆ ಹೋಗಿ ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಬೇರೆ. ಇದನ್ನೆಲ್ಲ ಸರಿಮಾಡಲು ಇನ್ನೆಷ್ಟೋ ಭಾಗ ಬದಲಿಸಬೇಕು. ನಾನು ಕಾನೂನನ್ನೂ ಎತ್ತಿದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ.

‘ಹಾಗಾದ್ರೆ ದೊಡ್ಡಪ್ಪ ಸೀಟು ಕಿತ್ತಿದ್ದು?’ ಎಂದು ಕೇಳಿದ ತಮ್ಮ.

ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪನ ಬದಲಾವಣೆ ಪಾಠಾಂತರ, ಅವನದು ಮಾತ್ರ ಅಪಪಾಠ ಎಂದು ನಾನು ಯಾವ ಆಧಾರದ ಮೇಲೆ ನಿರ್ಧರಿಸಿದ್ದೆ? ಕಾಫಿ ಮೂಟೆ ಹೊರುವ ಜೀಪು ನನಗೆ ಸಾಹಿತ್ಯ, ಪ್ರವಾಸಿಗರನ್ನು ಹೊರುವ ಜೀಪು ವ್ಯಾಪಾರ. ತೋಟದಲ್ಲಿ ಉಳಿದವನು ಅವನು, ನಾನು ಫೆಲೋಶಿಪ್ಪಿನ ಹಣದಲ್ಲಿ ಮೈಸೂರಿನಲ್ಲಿರುವವಳು. ಹಳೆಯದು ಹಾಗೇ ಇರಲಿ ಎನ್ನುವ ಆಸೆ ಊರು ಬಿಟ್ಟವರಿಗೇ ಹೆಚ್ಚು. ನಮ್ಮ ಮಲೆನಾಡಿನ ಬರಹದಲ್ಲೂ, ಅದರ ವಿಮರ್ಶೆಯಲ್ಲೂ ಈ ಆಸೆ ಎಷ್ಟು ಕೆಲಸ ಮಾಡಿದೆ ಎಂದು ಅಧ್ಯಾಯ ತಿದ್ದುವಾಗ ನೋಡುತ್ತಿದ್ದೇನೆ. ಮಾರ್ಗದರ್ಶಕರು ಹಸ್ತಪ್ರತಿಯ ಮೊದಲ ಪುಟದಲ್ಲೇ ‘ಪ್ರವೇಶ’ದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಆಮೇಲೆ?’ ಎಂದು ಬರೆದಿದ್ದರು.

ಕೊನೆಗೆ ಮೇಸ್ತ್ರಿಯ ಮಾತು ನಡೆಯಿತು. ಆಕ್ಸಲ್ ಮುಟ್ಟಲಿಲ್ಲ. ಸೋತ ಪಟ್ಟೆಗಳನ್ನು ಬಿಚ್ಚಿ ಮತ್ತೆ ಕಮಾನು ಬರುವಂತೆ ಬಡಿಸಿ ಒಂದೊಂದು ಪಟ್ಟೆ ಹೆಚ್ಚಿಗೆ ಸೇರಿಸಿದರು. ಬುಷ್ಷು, ಕಿಂಗ್‌ಪಿನ್ನು, ಬ್ರೇಕಿನ ಪೈಪು ಹೊಸದಾದವು. ಗಾಡಿ ಒಂದೂವರೆ ಇಂಚು ಎದ್ದಿತು, ತಮ್ಮನ ಮುಖ ಅಷ್ಟೂ ಏಳಲಿಲ್ಲ. ಬಣ್ಣ ನೀಲಿಯೇ ಆಯಿತು. ನನ್ನ ವಾದಕ್ಕೆ ಅಲ್ಲ, ಅಂಗಡಿಯಲ್ಲಿ ಅದೇ ಡಬ್ಬ ಇದ್ದದ್ದಕ್ಕೆ. ಹಲಸಿನ ಹಲಗೆ ಗೆದ್ದಲು ಹಿಡಿದಿತ್ತು; ಈಗ ಹಿಂದೆ ಎದುರುಬದುರು ಬೆಂಚುಗಳಿವೆ. ಕೊಯ್ಲಿನ ಕಾಲಕ್ಕೆ ಬಿಚ್ಚುವ ಹಾಗೆ ನಾಲ್ಕೇ ಬೋಲ್ಟಿನಲ್ಲಿ ಕೂರಿಸಿದ್ದಾರೆ. ಪರವಾನಗಿ, ಹಳದಿ ಬೋರ್ಡು ಅಂತ ತಮ್ಮ ಇನ್ನೂ ಓಡಾಡುತ್ತಿದ್ದಾನೆ.

ಹೊರಡುವಾಗ ಮೇಸ್ತ್ರಿ ಹೇಳಿದ್ದು ಒಂದೇ. ಪಟ್ಟೆ ಕೂತುಕೊಳ್ಳುತ್ತದೆ, ಐನೂರು ಕಿಲೋಮೀಟರ್ ಆದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು, ಮರೆಯಬಾರದು. ನಮ್ಮ ಜೀಪಿನ ಕಿಲೋಮೀಟರ್ ಮುಳ್ಳು ಅಪ್ಪನ ಕಾಲದಿಂದಲೂ ಓಡುವುದಿಲ್ಲ. ಅದಕ್ಕೇ ತಮ್ಮ ಸೋಮವಾರಪೇಟೆಗೆ, ಮಡಿಕೇರಿಗೆ ಹೋಗಿ ಬಂದಾಗಲೆಲ್ಲ ಫೋನ್ ಮಾಡಿ ದೂರ ಹೇಳುತ್ತಾನೆ. ಪ್ರಬಂಧದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾನು ಕೂಡುತ್ತಾ ಹೋಗುತ್ತಿದ್ದೇನೆ. ನಿನ್ನೆಗೆ ಮುನ್ನೂರ ನಲವತ್ತು ಆಗಿದೆ.